ಬೆನ್ನುಪಟ್ಟಿ

ಪುಸ್ತಕದ ಬೆನ್ನು ಕೊಯ್ಯಲು ಓದು ಬೇಕಿಲ್ಲ. ತೋಳಿನಲ್ಲಿ ಕಸುವಿದ್ದರೆ ಸಾಕು. ತಸ್ಲೀಮಾಳಿಗೆ ಎರಡೂ ಇದ್ದವು. ಇತಿಹಾಸದಲ್ಲಿ ಎಂ.ಎ. ಮಾಡಿದ್ದಳು, ಮೊದಲ ದರ್ಜೆ. ಧೀರೇಂದ್ರ ಸರ್ ಅವಳ ಅಂಕಪಟ್ಟಿ ನೋಡಿದರು, ತೋಳನ್ನೂ ನೋಡಿದರು, ಕೊಯ್ಯುವ ಯಂತ್ರದ ಮುಂದೆ ನಿಲ್ಲಿಸಿದರು.

ಶಿಗ್ಗಾಂವಿಯ ಹಳೇ ಅರಳೆ ಗೋದಾಮೊಂದರ ಮಹಡಿಯಲ್ಲಿ 'ನೆಲದ ನೆನಪು ಪ್ರತಿಷ್ಠಾನ' ನಡೆಯುತ್ತಿತ್ತು. ಹಾನಗಲ್ಲ, ಸವಣೂರು, ಶಿಗ್ಗಾಂವಿ, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಹಳೇ ಕಾಗದಗಳನ್ನೆಲ್ಲ ಕಲೆಹಾಕಿ, ಒಂದೊಂದು ಹಾಳೆಯ ಚಿತ್ರ ತೆಗೆದು, ಜಾಲತಾಣಕ್ಕೆ ಏರಿಸುವ ಕೆಲಸ. ಮುಚ್ಚಿದ ಶಾಲೆಗಳ ಹಾಜರಿ ಪುಸ್ತಕ, ಸಹಕಾರಿ ಸಂಘಗಳ ಠರಾವು, ಗೌಡ ಕುಲಕರ್ಣಿಗಳ ಅಟ್ಟದ ಮೇಲಿದ್ದ ದಫ್ತರಗಳು. ಇನ್ನು ಮುಂದೆ ನಮ್ಮ ಸೀಮೆಯ ಇತಿಹಾಸ ಬರೆಯುವವರು ಊರೂರು ತಿರುಗಬೇಕಿಲ್ಲ, ಕುಂತಲ್ಲೇ ಎಲ್ಲ ಸಿಗುತ್ತದೆ ಎಂದು ಧೀರೇಂದ್ರ ಸರ್ ಪತ್ರಿಕೆಗಳಿಗೆ ಹೇಳಿದ್ದರು. ಅವರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಇಲ್ಲಿ ಗೌರವ ನಿರ್ದೇಶಕರು. ಮೇಲಾಗಿ ತಸ್ಲೀಮಾಳ ಪಿಎಚ್.ಡಿ.ಗೆ ಮಾರ್ಗದರ್ಶಕರು. ಒಬ್ಬ ಮನುಷ್ಯನ ಕೈಯಲ್ಲಿ ಅವಳ ಮೂರು ಜುಟ್ಟು.

ಕೆಲಸ ಹೀಗೆ. ಹಿರೇಕೆರೂರಿನ ಫಕ್ಕೀರಪ್ಪ ಗಂಟುಗಳನ್ನು ಬೆನ್ನ ಮೇಲೆ ಹೊತ್ತು ಮಹಡಿ ಹತ್ತುತ್ತಾನೆ. ತಸ್ಲೀಮಾ ಪುಸ್ತಕದ ರಟ್ಟು ಹರಿದು ಬುಟ್ಟಿಗೆ ಎಸೆಯುತ್ತಾಳೆ. ಪುಸ್ತಕವನ್ನು ಬ್ಲೇಡಿನ ಕೆಳಗಿಟ್ಟು ಉದ್ದನೆಯ ಕಬ್ಬಿಣದ ಹಿಡಿಕೆಯನ್ನು ಎರಡೂ ಕೈಯಿಂದ ಜಗ್ಗುತ್ತಾಳೆ. ಖಚ್ ಎಂದು ಬೆನ್ನು ತುಂಡಾಗಿ ಕೆಳಗೆ ಬೀಳುತ್ತದೆ. ಬಿಡಿಯಾದ ಹಾಳೆಗಳು ಚಿತ್ರ ತೆಗೆಯುವ ಯಂತ್ರಕ್ಕೆ ಹೋಗುತ್ತವೆ. ಅಲ್ಲಿ ಸಂಪದಾ ಕಂಪ್ಯೂಟರಿನ ಮುಂದೆ ಕುಳಿತು ಊರು, ವರ್ಷ, ವಿಷಯ, ಕರ್ತೃ ಎಂದು ಒಂದೊಂದು ಕಾಲಂ ತುಂಬುತ್ತಾಳೆ. ಹೊಲಿಗೆ ಬಿಚ್ಚಿಯೂ ಹಾಳೆ ಬಿಡಿಸಬಹುದು. ಆದರೆ ಅದಕ್ಕೆ ಒಂದು ಪುಸ್ತಕಕ್ಕೆ ಅರ್ಧ ತಾಸು ಬೇಕು. ಕೊಯ್ದರೆ ಅರ್ಧ ನಿಮಿಷ.

ನಾಲ್ಕು ತಿಂಗಳಲ್ಲಿ ಸಾವಿರಕ್ಕೂ ಮೇಲೆ ಬೆನ್ನು ಕೊಯ್ದಿದ್ದಳು. ಬಲಗೈ ಭುಜ ರಾತ್ರಿ ಎತ್ತಲು ಬರುತ್ತಿರಲಿಲ್ಲ. ಮೂಗಿನಲ್ಲಿ ಧೂಳು, ಉಗುಳಿದರೆ ಕಪ್ಪು. ಸುರುಳಿಯಾದ ಹಾಳೆಯನ್ನು ಗಾಜಿನ ಮೇಲೆ ಒತ್ತಿ ಹಿಡಿಯುವ ಕೆಲಸವೂ ಅವಳದೇ. ಹಾಗೆ ಹಿಡಿದಾಗ ಬೆರಳ ತುದಿ ಚಿತ್ರದಲ್ಲಿ ಬಿದ್ದರೆ ಅದಕ್ಕೆ 'ಹಸ್ತದೋಷ' ಎಂದು ಹೆಸರಿಟ್ಟಿದ್ದರು. ಗೋಡೆಯ ಮೇಲೊಂದು ಹಲಗೆ. ಅದರಲ್ಲಿ ವಾರಕ್ಕೊಮ್ಮೆ, ತಸ್ಲೀಮಾ: ಹತ್ತೊಂಬತ್ತು ದೋಷ. ತಸ್ಲೀಮಾ: ಇಪ್ಪತ್ತಾರು ದೋಷ. ಇಡೀ ಪ್ರತಿಷ್ಠಾನದಲ್ಲಿ ಅವಳ ಹೆಸರು ಬರೆದಿದ್ದ ಜಾಗ ಅದೊಂದೇ. ಬಂದವರೆಲ್ಲ ಅದನ್ನು ಓದಿ ಅವಳ ಬೆರಳು ನೋಡುತ್ತಿದ್ದರು. ಅವಳಿಗೆ ಮೈ ಉರಿಯುತ್ತಿತ್ತು.

ಆದರೂ ಯಾಕೆ ಬಿದ್ದುಕೊಂಡಿದ್ದಳು? ಒಂದೇ ಆಸೆಗೆ. ಅವಳಿಗೆ ತನ್ನ ಓಣಿಯ ಇತಿಹಾಸ ಬರೆಯಬೇಕಿತ್ತು.

ಸವಣೂರಿನಲ್ಲಿ ಅವರದು ಜಿಲ್ದಗಾರರ ಓಣಿ. ಪುಸ್ತಕ ಹೊಲಿದು ರಟ್ಟು ಕಟ್ಟುವವರು. ಈಗ ಆ ಕಸುಬಿಲ್ಲ, ಓಣಿಯ ಗಂಡಸರು ಗ್ಯಾರೇಜು, ಎಲೆ ವ್ಯಾಪಾರ ಎಂದು ಹಂಚಿಹೋಗಿದ್ದಾರೆ. ಒಂದು ಕಾಲಕ್ಕೆ ಸುತ್ತಲ ನಾಲ್ಕು ತಾಲೂಕಿನ ಪುಸ್ತಕಗಳು ಅಲ್ಲಿಗೇ ಬರುತ್ತಿದ್ದವು. ತಸ್ಲೀಮಾಳ ಅಜ್ಜಿ ಚಮನಬಿ ಹತ್ತನೇ ವಯಸ್ಸಿಗೆ ಸೂಜಿ ಹಿಡಿದವಳು. 'ಸವಣೂರಿನ ಪುಸ್ತಕ ಕಟ್ಟುವವರು' ಎಂದು ತಸ್ಲೀಮಾ ತನ್ನ ವಿಷಯ ಬರೆದುಕೊಂಡು ಹೋದಾಗ ಧೀರೇಂದ್ರ ಸರ್ ಕನ್ನಡಕ ತೆಗೆದು ನಕ್ಕರು.

"ವಿಷಯ ಛಲೋ ಅದ ತಂಗಿ. ಮೂಲ ಆಕರ ಎಲ್ಲಿ ಅದ?"

"ನಮ್ಮ ದಾದಿಮಾ ಅದಾಳ್ರಿ ಸರ್. ಆಕಿ ಹೇಳ್ತಾಳ."

"ನಿಮ್ಮಜ್ಜಿ ಹೇಳೋದು ಕಥಿ. ಕಾಗದ ಬೇಕು. ಕಾಗದ ಇಲ್ಲಂದ್ರ ಇತಿಹಾಸ ಇಲ್ಲ. ಈ ತಿಂಗಳ ಕಡೀತನಕ ಹುಡುಕು. ಸಿಗಲಿಲ್ಲ ಅಂದ್ರ ನವಾಬರ ದಾನಪತ್ರಗಳ ಮ್ಯಾಲ ಮಾಡು. ಅದಕ್ಕ ಬೇಕಾದಷ್ಟು ಆಕರ ಅದಾವ."

ಹುಡುಕಿದಳು. ಸವಣೂರು ಶಿಗ್ಗಾಂವಿ ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಹುಡುಕಿದಳು. ದೇಶದ ಜಾಲತಾಣ, ಪರದೇಶದ ಗ್ರಂಥಾಲಯ, ಹಳೇ ಗೆಜೆಟಿಯರು, ಯಾವುದನ್ನೂ ಬಿಡಲಿಲ್ಲ. ಸವಣೂರು ಎಂದು ಹೊಡೆದರೆ ನವಾಬರು ಬರುತ್ತಿದ್ದರು, ಅವರ ಮುದ್ರೆ, ಅವರ ಯುದ್ಧ, ಅವರ ಕುದುರೆ ಬರುತ್ತಿದ್ದವು. ದೊಡ್ಡ ಹುಣಸೇಮರಗಳು ಬರುತ್ತಿದ್ದವು. ವೀಳ್ಯದೆಲೆ ಕೂಡ ಬರುತ್ತಿತ್ತು. ಜಿಲ್ದಗಾರ ಎಂದು ಹೊಡೆದರೆ ಏನೂ ಬರುತ್ತಿರಲಿಲ್ಲ. ಎಲೆಗಿದ್ದ ಇತಿಹಾಸ ಮನುಷ್ಯರಿಗೆ ಇರಲಿಲ್ಲ. ಲಕ್ಷಗಟ್ಟಲೆ ಪುಸ್ತಕಗಳನ್ನು ಕಟ್ಟಿದ ಕೈಗಳ ಬಗ್ಗೆ ಆ ಲಕ್ಷ ಪುಸ್ತಕಗಳಲ್ಲಿ ಒಂದು ಸಾಲೂ ಇರಲಿಲ್ಲ.

ತಿಂಗಳು ಮುಗಿಯಲು ಹನ್ನೊಂದು ದಿನ ಇತ್ತು. ಅವತ್ತು ರವಿವಾರ.

ಪ್ರತಿಷ್ಠಾನದಲ್ಲಿ ಕೊಯ್ದು ಬಿದ್ದ ಬೆನ್ನಿನ ಚಿಂದಿಯನ್ನು ಬೇಕಾದವರು ಒಯ್ಯಬಹುದಿತ್ತು. ಒಣ ಅಂಟು, ಒಣ ಬಟ್ಟೆ, ಬೆಂಕಿಗೆ ಹೇಳಿ ಮಾಡಿಸಿದ್ದು. ತಸ್ಲೀಮಾ ಮೊದಲಿನಿಂದಲೂ ಚೀಲ ತುಂಬಿ ತಂದು ಬಚ್ಚಲ ಮೂಲೆಯಲ್ಲಿ ಇಡುತ್ತಿದ್ದಳು. ದಿನಾ ಬೆಳಿಗ್ಗೆ ತಾನೇ ಒಲೆ ಹೊತ್ತಿಸಿ, ನೀರು ಕಾಸಿ, ಬಸ್ಸು ಹಿಡಿಯುತ್ತಿದ್ದಳು. ಅಜ್ಜಿ ಏಳುವ ಹೊತ್ತಿಗೆ ಹಂಡೆ ಬಿಸಿ ಇರುತ್ತಿತ್ತು, ಒಲೆ ಆರಿರುತ್ತಿತ್ತು. ರವಿವಾರ ಭುಜ ನೋವೆಂದು ತಸ್ಲೀಮಾ ಏಳಲಿಲ್ಲ. ಚಮನಬಿಯೇ ಒಲೆ ಹೊತ್ತಿಸಿದಳು.

"ತಸ್ಲೀಮಾ! ಏ ತಸ್ಲೀಮಾ! ಓಡಿ ಬಾರ ಲಗೂನ!"

ಅಜ್ಜಿ ಬಿದ್ದಳೆಂದೇ ತಿಳಿದು ಓಡಿದಳು. ಚಮನಬಿ ಬಿದ್ದಿರಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೆಂಕಿಯನ್ನು ನೋಡುತ್ತಿದ್ದಳು. ಬೆಂಕಿ ಹಸಿರು ಬಣ್ಣಕ್ಕೆ ತಿರುಗಿತ್ತು.

"ಈ ಚಿಂದಿ ಎಲ್ಲಿದು?"

"ಆಫೀಸಿಂದು ದಾದಿಮಾ. ದಿನಾ ಹಂಗ ಉರೀತೈತಿ. ಬಟ್ಟಿ ಬಣ್ಣ ಇರಬೇಕು."

"ಬಟ್ಟಿ ಬಣ್ಣ ಅಂತ, ಬಟ್ಟಿ ಬಣ್ಣ! ಅದು ಮೈಲುತುತ್ತ. ಹುಳಾ ಹತ್ತಬಾರ್ದಂತ ನಾವು ಅಂಟಿನ್ಯಾಗ ಕಲಸ್ತಿದ್ವಿ. ಹಸರ ಉರಿ ಬಂತಂದ್ರ ಅದು ನಮ್ಮ ಅಂಟು. ನಮ್ಮ ಅಂಟಿಗೆ ಬೆಂಕಿ ಹಚ್ಚೀಯಲ್ಲೇ!"

ಹೇಳುತ್ತ ಹೇಳುತ್ತ ಮುದುಕಿ ಒಲೆಯೊಳಗೆ ಕೈ ಹಾಕಿಬಿಟ್ಟಳು. ಉರಿಯುತ್ತಿದ್ದ ತುಂಡನ್ನು ಎಳೆದು ನೆಲಕ್ಕೆ ಬಡಿದಳು. ತಸ್ಲೀಮಾ ಅಯ್ಯೋ ಎಂದು ಕೈ ಹಿಡಿಯಲು ಹೋದರೆ, "ನನ್ನ ಕೈ ಬಿಡ. ಬೆಚ್ಚಗಿನ ನೀರ ತಾ" ಎಂದು ಗದರಿಸಿದಳು.

ಆ ತುಂಡನ್ನು ನೀರಲ್ಲಿ ನೆನೆಸಿದಳು. ಸ್ವಲ್ಪ ಹೊತ್ತು ಬಿಟ್ಟು ಉಗುರಿನಿಂದ ಬಟ್ಟೆ ಎತ್ತಿದಳು. ಬಟ್ಟೆಯ ಕೆಳಗೆ ಒಂದು ಕಾಗದದ ಪಟ್ಟಿ. ಹೊಲಿಗೆಯ ಮೇಲೆ ಅಂಟಿಸುವ ಬೆನ್ನುಪಟ್ಟಿ. ಅದರ ಮೇಲೆ ಒಂದು ನೀಲಿ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯಾಗಿ, ನಿನ್ನೆ ಒತ್ತಿದ ಹಾಗೆ. ಪಕ್ಕದಲ್ಲಿ ಉರ್ದುವಿನಲ್ಲಿ ಸಣ್ಣಗೆ ಏನೋ ಬರೆದಿತ್ತು. ಚಮನಬಿಗೆ ಓದು ಬಾರದು.

"ಏನ ಬರದಾನ ನೋಡ."

"ಮುನವ್ವರಾ ಅಂತೈತಿ."

ಚಮನಬಿ ಗೋಡೆಗೆ ಒರಗಿದಳು. ಬಾಯಿಗೆ ಸೆರಗು ಒತ್ತಿಕೊಂಡಳು. ಮುನವ್ವರಾ ಅವಳ ಅಕ್ಕ. ಮದುವೆಯಾಗಿ ಎರಡು ವರ್ಷಕ್ಕೆ ಹೆರಿಗೆಯಲ್ಲಿ ಸತ್ತವಳು. ಅವಳದೊಂದು ಫೋಟೋ ಇಲ್ಲ, ಗೋರಿಯ ಮೇಲೆ ಕಲ್ಲಿಲ್ಲ.

"ಇದನ್ನ ನನಗ ಯಾಕ ಹೇಳಿಲ್ಲ ನೀನು?" ತಸ್ಲೀಮಾ ಕೂಗಿದಳು. "ಕಾಗದ ಏನರ ಐತಿ ಅಂತ ಎಷ್ಟ ಸರ್ತಿ ಕೇಳೇನಿ!"

"ಅದೇನ ಹೇಳೂ ಮಾತಾ? ಅದು ಮರ್ಯಾದಿದ್ದಲ್ಲ, ತಪ್ಪಿಂದು." ಚಮನಬಿಗೂ ಸಿಟ್ಟು ಬಂತು. "ಹೊಲಿಗಿ ನಾವು ಹೆಣ್ಮಕ್ಕಳು ಹಾಕ್ತಿದ್ವಿ. ಮಹಮ್ಮದಗೌಸ ಉಸ್ತಾದ ರಟ್ಟು ಕಟ್ಟತಿದ್ದ. ಅಂವಾ ಮಾಲಕ. ರಟ್ಟು ಹಾಕೂ ಮುಂದ ನಮ್ಮ ಹೆಬ್ಬಟ್ಟ ಒತ್ತಿಸ್ಕೊಂಡು ಬಾಜೂಕ ಹೆಸರು ಬರೀತಿದ್ದ. ಹಾಳಿ ಕಿತ್ತು ಪುಸ್ತಕ ವಾಪಸ್ ಬಂತಂದ್ರ ಬೆನ್ನ ಹರದು ನೋಡಾವ. ಯಾರ ಹೆಬ್ಬಟ್ಟ ಐತಿ ಆಕೀನ್ನ ಎಲ್ಲಾರ ಮುಂದ ನಿಂದ್ರಿಸಿ ಬೈಯಾವ. ಕುಲಸುಮಬಿಗೆ ಸೂಜಿಲೆ ಅಂಗೈ ಚುಚ್ಚಿದ್ದ. ಅದನ್ನೇನ ಮೊಮ್ಮಗಳ ಮುಂದ ಹಾಡ್ಲಿ?"

ಬೈಯುವುದಕ್ಕೆಂದು ಬರೆದಿಟ್ಟ ಹೆಸರುಗಳು. ಆದರೂ ಹೆಸರುಗಳು. ಪುಸ್ತಕ ಕಟ್ಟಿದ ಹೆಂಗಸರ ಹೆಸರು, ಹೆಬ್ಬೆಟ್ಟು, ಕೆಲವು ಕಡೆ ತಾರೀಖು. ತಸ್ಲೀಮಾ ಜಗತ್ತಿನ ಜಾಲತಾಣಗಳಲ್ಲಿ ಹುಡುಕುತ್ತಿದ್ದದ್ದು ತನ್ನ ಬಚ್ಚಲಲ್ಲಿತ್ತು. ಅದನ್ನು ಕೊಯ್ದವಳು ತಾನು. ಉರಿ ಹಾಕಿದವಳೂ ತಾನು. ಆ ಬಿಸಿನೀರಿನಲ್ಲಿ ಮುದುಕಿ ನಾಲ್ಕು ತಿಂಗಳು ಮೈ ತೊಳೆದಿದ್ದಳು. ತಸ್ಲೀಮಾ ಒದ್ದೆ ನೆಲದ ಮೇಲೆ ಕುಳಿತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು, ಗೊಳೋ ಎಂದು ಅತ್ತಳು.

"ಅತ್ತೇನ ಮಾಡ್ತಿ," ಎಂದಳು ಚಮನಬಿ. "ಚೀಲದಾಗ ಇನ್ನೂ ಅರ್ಧ ಐತಿ. ನೆನಿ ಹಾಕು."

ಅವತ್ತು ಸಂಜೆಯೊಳಗೆ ಹದಿನಾಲ್ಕು ಪಟ್ಟಿ ಬಿಡಿಸಿದರು. ಮೂರು ಹೆಸರು ಸಿಕ್ಕವು. ಆದರೆ ಯಾವ ಪಟ್ಟಿ ಯಾವ ಪುಸ್ತಕದ್ದು? ಯಾವ ಊರಿನದು? ಅದನ್ನು ಹೇಳುವ ಹಾಳೆಗಳು ಶಿಗ್ಗಾಂವಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದವು. ಇನ್ನೂ ಕೊಯ್ಯದೆ ಉಳಿದ ಪುಸ್ತಕಗಳಲ್ಲಿ ಮಾತ್ರ ಬೆನ್ನೂ ಹಾಳೆಯೂ ಒಟ್ಟಿಗೆ ಇದ್ದವು. ಇನ್ನೂರಾ ಅರವತ್ತು ಪುಸ್ತಕ. ಜಾಲತಾಣದ ಉದ್ಘಾಟನೆ ಹತ್ತಿರ ಬಂದಿತ್ತು, ಅಷ್ಟನ್ನೂ ಈ ವಾರವೇ ಕೊಯ್ದು ಮುಗಿಸಬೇಕಿತ್ತು.

ಸೋಮವಾರ ಎಲ್ಲರಿಗಿಂತ ಮೊದಲು ಹೋದಳು. ಹಿರೇಬೆಂಡಿಗೇರಿಯ ಶಾಲೆಯೊಂದರ ದಾಖಲಾತಿ ಪುಸ್ತಕ ಎತ್ತಿಕೊಂಡಳು. ಬೆನ್ನಿನ ಬಟ್ಟೆಗೆ ಒದ್ದೆ ಅರಿವೆ ಒತ್ತಿ, ಚಾಕುವಿನ ತುದಿಯಿಂದ ಮೆಲ್ಲಗೆ ಎತ್ತಿದಳು. ನೀಲಿ ಹೆಬ್ಬೆಟ್ಟು. ಪಕ್ಕದಲ್ಲಿ ಚಮನಬಿ ಎಂದಿತ್ತು. ಕೆಳಗೆ ೧೯೬೪. ಅಜ್ಜಿಗೆ ಆಗ ಹದಿನಾರು ವರ್ಷ. ಕೊಯ್ದ ಸಾವಿರ ಪುಸ್ತಕಗಳಲ್ಲಿ ಈ ಹೆಬ್ಬೆಟ್ಟು ಎಷ್ಟಿತ್ತೋ ಏನೋ.

ಧೀರೇಂದ್ರ ಸರ್ ಭೂತಗನ್ನಡಿ ಹಿಡಿದು ನೋಡಿದರು. ಮೊದಲು ಅವರ ಮುಖವೂ ಅರಳಿತು. "ಛಲೋ ಅದ. ಭಾಳ ಛಲೋ ಅದ," ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಅರಳಿದ ಮುಖ ಮುಚ್ಚಿಕೊಂಡಿತು.

"ಇದನ್ನ ನನ್ನ ಪ್ರಸ್ತಾವನೆದಾಗ ಒಂದು ಅಡಿಟಿಪ್ಪಣಿ ಹಾಕ್ತೀನಿ. ಸಾಕಲ್ಲ?"

"ಸಾಲೂದಿಲ್ರಿ ಸರ್. ಉಳದದ್ದು ಕೊಯ್ಯಬ್ಯಾಡ್ರಿ. ಹೊಲಿಗಿ ಬಿಚ್ಚೋಣು. ಒಂದೊಂದ ಬೆನ್ನಿಂದೂ ಫೋಟೋ ತಗದು ಆಯಾ ಪುಸ್ತಕದ ಜೋಡಿ ಏರಿಸೋಣು. ನಾ ಬಿಚ್ಚತೇನಿ. ರವಿವಾರನೂ ಬರ್ತೇನಿ."

"ಯೋಜನಾದಾಗ ಬೆನ್ನು ಇಲ್ಲ ತಂಗಿ. ಹಾಳಿ ಅಷ್ಟ ಅದ."

"ಹಾಳಿ ಹಿಡಕೊಂಡಿದ್ದು ಬೆನ್ನಲ್ರೀ?"

"ಭಾವನಾ ಬ್ಯಾರೆ, ಶಾಸ್ತ್ರ ಬ್ಯಾರೆ. ಇದು ನಿಮ್ಮಜ್ಜಿದ ಹೆಬ್ಬಟ್ಟು ಅನ್ನಲಿಕ್ಕೆ ಏನ ಪುರಾವೆ? ಊರಾಗ ಒಬ್ಬಾಕಿನ ಚಮನಬಿ ಇದ್ಲೇನು? ಯಾರದೋ ಕೈ ಅದು. ನನ್ನ ಲೆಕ್ಕದಾಗ ಇದೂ ಒಂದು ಹಸ್ತದೋಷ." ತಮ್ಮ ಮಾತಿಗೆ ತಾವೇ ನಕ್ಕರು. "ಹೋಗು, ಕೆಲಸಾ ಸುರು ಮಾಡು. ಇವತ್ತ ಐವತ್ತು ಆಗಬೇಕು."

ಆ ನಗು ಅವಳ ಎದೆಗೆ ನಾಟಿತು. ಯಂತ್ರದ ಹತ್ತಿರ ಹೋದಳು. ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಬಿಡುವವಳು ಅವಳೇ, ಯಾವ ನಟ್ಟು ಎಲ್ಲಿದೆ ಎಂಬುದು ಗೊತ್ತಿತ್ತು. ಪಾನಾ ತೆಗೆದುಕೊಂಡು ಮೂರು ನಟ್ಟು ಬಿಚ್ಚಿದಳು. ಮೂರು ಅಡಿ ಉದ್ದದ ಕಬ್ಬಿಣದ ಹಿಡಿಕೆ ಕೈಗೆ ಬಂತು.

"ಏನ ಮಾಡಾಕತ್ತಿಯವಾ?" ಫಕ್ಕೀರಪ್ಪ ಗಂಟು ಇಳಿಸುತ್ತ ಕೇಳಿದ.

"ಇದನ್ನ ಮನಿಗೆ ಒಯ್ಯಾಕತ್ತೇನಿ."

ಧೀರೇಂದ್ರ ಸರ್ ಎದ್ದು ಬಂದರು. ದನಿ ಏರಿಸಿದವರಲ್ಲ, ಈಗಲೂ ಏರಿಸಲಿಲ್ಲ. "ತಸ್ಲೀಮಾ, ಅದು ಸಂಸ್ಥಾದ ಆಸ್ತಿ. ಕೆಳಗ ಇಡು. ನಿನ್ನ ಪ್ರಬಂಧಕ್ಕ ಸಹಿ ಹಾಕಾವ ನಾನು ಅನ್ನೋದು ನೆನಪದ ಅಲ್ಲ?"

"ನೆನಪೈತ್ರಿ. ನಾಳೆ ಪುರಾವೆ ತರ್ತೇನಿ. ಅಲ್ಲೀತನಕ ಒಂದ ಬೆನ್ನೂ ಕೊಯ್ಯೂದಿಲ್ಲ. ನಾನೂ ಕೊಯ್ಯೂದಿಲ್ಲ, ನೀವೂ ಕೊಯ್ಯೂದಿಲ್ಲ."

ಬುರಖಾದ ಕೆಳಗೆ ಹಿಡಿಕೆ ಹಿಡಿದು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಅದು ಪಕ್ಕದ ಹೆಂಗಸಿನ ಕಾಲಿಗೆ ತಾಗಿತು. "ಏನಬೇ ಅದು, ಪಿಕಾಸಿನಾ?" ಎಂದು ಆಕೆ ಕೇಳಿದಳು. "ಹಿಸ್ಟರಿ ಐತ್ರಿ," ಎಂದಳು ತಸ್ಲೀಮಾ. ಆಕೆ ಕಾಲು ಮಡಚಿಕೊಂಡು ಜಾಗ ಕೊಟ್ಟಳು.

ಮಂಗಳವಾರ ಚಮನಬಿಯನ್ನು ಕರೆದುಕೊಂಡು ಬಂದಳು. ಮುದುಕಿಗೆ ಮಂಡಿ ನೋವು. ಮಹಡಿಯ ಮೆಟ್ಟಿಲು ಹತ್ತಲು ಕಾಲು ತಾಸು ಹಿಡಿಯಿತು. ಫಕ್ಕೀರಪ್ಪ, "ಬಾಯವ್ವಾ, ದಿನಾ ಗಂಟ ಹೊರತೇನಿ, ನೀ ಏನ ಭಾರ," ಎಂದು ಬೆನ್ನು ಬಾಗಿಸಿದ. ಚಮನಬಿ ಕೇಳಲಿಲ್ಲ. "ನಡಕೊಂತ ಬಂದೇನಿ, ನಡಕೊಂತನ ಏರ್ತೇನಿ," ಎಂದಳು.

ಧೀರೇಂದ್ರ ಸರ್ ಕುರ್ಚಿ ಕೊಡಿಸಿದರು. ಮರ್ಯಾದೆ ಗೊತ್ತಿದ್ದ ಮನುಷ್ಯ. "ಕೂಡ್ರಿ ಅಮ್ಮಾ," ಎಂದರು. ಹಿರೇಬೆಂಡಿಗೇರಿಯ ಪುಸ್ತಕ ಮೇಜಿನ ಮೇಲಿತ್ತು. ಪಕ್ಕದಲ್ಲಿ ಶಾಯಿಯ ಡಬ್ಬಿ, ಬಿಳಿ ಹಾಳೆ. ಎಲ್ಲ ತಯಾರಿ ಮಾಡಿಕೊಂಡೇ ಕುಳಿತಿದ್ದರು.

"ಭಾಳ ಸರಳ ಅದ. ನೀವು ಇಲ್ಲಿ ಹೆಬ್ಬಟ್ಟು ಒತ್ರಿ. ಅದನ್ನೂ ಇದನ್ನೂ ಕೂಡಿಸಿ ನೋಡೋಣು. ಕೂಡಿತು ಅಂದ್ರ ನಾ ಒಪ್ಪಿದೆ. ಕೂಡಲಿಲ್ಲ ಅಂದ್ರ ನಿಮ್ಮ ಮೊಮ್ಮಗಳು ಹಿಡಿಕಿ ವಾಪಸ್ ಜೋಡಸ್ತಾಳ. ನ್ಯಾಯ ಅದಲ್ಲ?"

ಇದೊಂದನ್ನು ತಸ್ಲೀಮಾ ಯೋಚಿಸಿರಲಿಲ್ಲ. ಪಡಿತರ ಅಂಗಡಿಯ ಯಂತ್ರ ಎರಡು ವರ್ಷದಿಂದ ಅಜ್ಜಿಯ ಬೆರಳು ಹಿಡಿಯುತ್ತಿರಲಿಲ್ಲ. ಹತ್ತೂ ಬೆರಳು ಒತ್ತಿಸಿ, ಒರೆಸಿ, ಮತ್ತೆ ಒತ್ತಿಸಿ, ಅಂಗಡಿಯವನು ಎದ್ದು ಹೋಗು ಎನ್ನುತ್ತಿದ್ದ. ತಸ್ಲೀಮಾ ಬೇಡವೆಂದು ಸನ್ನೆ ಮಾಡಿದಳು. ಚಮನಬಿ ನೋಡಲಿಲ್ಲ. ಹೆಬ್ಬೆಟ್ಟನ್ನು ಶಾಯಿಯಲ್ಲಿ ಅದ್ದಿ ಹಾಳೆಯ ಮೇಲೆ ಒತ್ತಿದಳು.

ಬರೀ ಕಪ್ಪು ಕಲೆ ಮೂಡಿತು. ಒಂದು ಗೆರೆಯೂ ಇಲ್ಲ.

ಮತ್ತೆ ಒತ್ತಿದಳು. ಮತ್ತೆ ಕಲೆ.

"ನೋಡ್ದ್ಯಾ ತಂಗಿ," ಎಂದರು ಧೀರೇಂದ್ರ ಸರ್. "ಇದಕ್ಕ ನಾನು ಮೊದಲ ಹೇಳಿದ್ದೆ."

"ಏನ ನೋಡ್ಬೇಕ್ರಿ?" ಚಮನಬಿ ಕೇಳಿದಳು. ಕುರ್ಚಿಯಿಂದ ಎದ್ದಳು. ಕಪ್ಪಾದ ಹೆಬ್ಬೆಟ್ಟನ್ನು ಅವರ ಮುಖದ ಮುಂದೆ ಹಿಡಿದಳು. "ನೀವು ನೋಡ್ರಿ. ಬಗ್ಗಿ ಛಲೋತ್ನಂಗ ನೋಡ್ರಿ. ಹತ್ತು ವರ್ಷದಾಕಿ ಇದ್ದಾಗಿಂದ ಇದು ಮೈಲುತುತ್ತದಾಗ ಅದ್ದೇತಿ. ನೂಲ ಜಗ್ಗಿ ಜಗ್ಗಿ ತೊಗಲ ಹೋಗೇತಿ. ಕೀವ ಆಗಿ, ಉದುರಿ, ಮತ್ತ ತೊಗಲ ಬಂದು, ಮತ್ತ ಹೋಗೇತಿ. ಗೆರಿ ಎಲ್ಲಿಂದ ತರ್ಲಿ? ಇದರಾಗ ಇದ್ದದ್ದೆಲ್ಲಾ ನಿಮ್ಮ ಪುಸ್ತಕದಾಗ ಹೋಗೇತಿ. ಅಲ್ಲಿ ಐತಿ, ಇಲ್ಲಿಲ್ಲ. ಅದನ್ನ ಕೊಯ್ದ ಒಲಿಗೆ ಹಾಕಿ, ನನ್ನ ಬೆರಳಿಗೆ ಪುರಾವೆ ಕೇಳ್ತೀರಿ?"

ಸಂಪದಾ ಕೀಲಿಮಣೆಯ ಮೇಲಿಂದ ಕೈ ತೆಗೆದಿದ್ದಳು. ಧೀರೇಂದ್ರ ಸರ್ ಒಂದು ಕ್ಷಣ ಆ ಬೆರಳನ್ನು ನೋಡಿದರು. ನಿಜವಾಗಿ ನೋಡಿದರು. ಆಮೇಲೆ ಕಣ್ಣು ಕೆಳಗೆ ಹಾಕಿ ಹಾಳೆಯನ್ನು ಮಡಚಿದರು.

"ನನಗ ಬ್ಯಾಸರಾಗ್ತದ ಅಮ್ಮಾ. ಖರೇನ ಬ್ಯಾಸರಾಗ್ತದ. ಆದ್ರ ಶನಿವಾರ ಉದ್ಘಾಟನಾ ಅದ. ಹುಬ್ಬಳ್ಳಿಯಿಂದ ಬ್ಯಾರೆ ಹಿಡಿಕಿ ತರಸೀನಿ." ಮೂಲೆಯಲ್ಲಿದ್ದ ಹೊಸ ಹಿಡಿಕೆ ತೋರಿಸಿದರು. "ಫಕ್ಕೀರಪ್ಪಾ, ಅದನ್ನ ಜೋಡಿಸು. ಇವತ್ತಿನಿಂದ ನೀನ ಕೊಯ್ಯಿ. ತಸ್ಲೀಮಾ, ನೀನು ಮನಿಗೆ ಹೋಗು. ಬ್ಯಾರೆ ಮಾರ್ಗದರ್ಶಕರನ್ನ ನೋಡ್ಕೊ."

ಫಕ್ಕೀರಪ್ಪ ಹೊಸ ಹಿಡಿಕೆ ಎತ್ತಿಕೊಂಡ. ಭಾರ ನೋಡಿದ. ತಿರುಗಿ ಗೋಡೆಗೆ ಒರಗಿಸಿ ಇಟ್ಟ.

"ನನಗ ಆಗೂದಿಲ್ರಿ."

"ಏನಂದಿ?"

"ಹೊರಾಕ ಬರ್ತೈತಿ, ಕೊಯ್ಯಾಕ ಬರೂದಿಲ್ಲಂದೆ. ಬೇಕಾರ ನೀವ ಜಗ್ರಿ. ಹೆಂಗ ಅಂತ ಆಕಿ ತೋರಸ್ತಾಳ."

ಧೀರೇಂದ್ರ ಸರ್ ತಾವೇ ಯಂತ್ರದ ಕಡೆ ಎರಡು ಹೆಜ್ಜೆ ಇಟ್ಟರು. ನಿಂತರು. ಅವರ ಕೈಗೆ ಪಾನಾ ಹಿಡಿದು ಗೊತ್ತಿರಲಿಲ್ಲ. ಅಷ್ಟರಲ್ಲಿ ತಸ್ಲೀಮಾ ಮೇಜಿನ ಮೇಲಿದ್ದ ಹಿರೇಬೆಂಡಿಗೇರಿಯ ಪುಸ್ತಕ ಎತ್ತಿಕೊಂಡು ಕೊಯ್ಯುವ ಯಂತ್ರದ ಮೇಲೆಯೇ ಕಾಲು ಮಡಚಿ ಕುಳಿತಳು. ಬ್ಲೇಡು ಅವಳ ತೊಡೆಯ ಕೆಳಗಿತ್ತು. ಚಾಕುವಿನ ತುದಿಯನ್ನು ಮೊದಲ ನೂಲಿನ ಕೆಳಗೆ ತೂರಿಸಿದಳು.

"ಹಂಗಲ್ಲ," ಎಂದಳು ಚಮನಬಿ. "ನಡಕಿನ ಗಂಟ ಮೊದಲ ಬಿಡಸು. ಉಳಕಿದ್ದು ತಾನ ಬರ್ತೈತಿ." ಕುರ್ಚಿಯನ್ನು ಯಂತ್ರದ ಪಕ್ಕಕ್ಕೆ ಎಳೆದುಕೊಂಡು ಇನ್ನೊಂದು ಪುಸ್ತಕ ತೊಡೆಯ ಮೇಲಿಟ್ಟುಕೊಂಡಳು. ಅರವತ್ತು ವರ್ಷದ ಹಿಂದೆ ತಾವು ಹೆಣ್ಣುಮಕ್ಕಳೇ ಹಾಕಿದ್ದ ಗಂಟು. ಅವಳ ಬೆರಳು ಕಣ್ಣಿಗಿಂತ ಮೊದಲು ಅದನ್ನು ಹುಡುಕಿತು. ಅರ್ಧ ತಾಸಿನ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಎರಡೂ ಪುಸ್ತಕಗಳ ಹಾಳೆ ಹರಿಯದೆ ಬಿಡಿಯಾದವು, ಬೆನ್ನುಪಟ್ಟಿಗಳು ಇಡಿಯಾಗಿ ಕೈಗೆ ಬಂದವು. ಫಕ್ಕೀರಪ್ಪ ಹಿರೇಬೆಂಡಿಗೇರಿಯದನ್ನು ಎರಡೂ ಅಂಗೈಯಲ್ಲಿ ಇಟ್ಟುಕೊಂಡು ಚಿತ್ರ ತೆಗೆಯುವ ಗಾಜಿನ ಮೇಲೆ ಹಾಸಿದ. ಗಾಳಿಗೆ ಹಾರದಂತೆ ಒತ್ತಿ ಹಿಡಿದ. ಅವನ ನಾಲ್ಕು ಬೆರಳೂ ಚಿತ್ರದಲ್ಲಿ ಬಿದ್ದವು. ತೆಗೆಯಲಿಲ್ಲ.

ಸಂಪದಾ ಎಲ್ಲರ ಮುಖ ನೋಡಿದಳು. ಹಾನಗಲ್ಲಿನ ಆಚಾರರ ಮನೆಯ ಹುಡುಗಿ, ಧೀರೇಂದ್ರ ಸರ್ ಅವರ ಅಕ್ಕನ ಮಗಳು. ಈ ನಾಲ್ಕು ತಿಂಗಳಲ್ಲಿ ಅವರ ಎದುರು ಬಾಯಿ ಬಿಟ್ಟವಳಲ್ಲ. ಈಗ ಪರದೆಯ ಕಡೆ ತಿರುಗಿದಳು.

"ಹೊಲಿಗಿ ಹಾಕಿದಾವ್ರು ಅಂತ ಕಾಲಂ ಇಲ್ಲ ತಸ್ಲೀಮಾ. ಊರು, ವರ್ಷ, ವಿಷಯ, ಕರ್ತೃ ಇಷ್ಟ ಅದ. ಎಲ್ಲಿ ಹಾಕ್ಲಿ?"

"ಕರ್ತೃದಾಗ ಹಾಕು."

"ಸಂಪದಾ!" ಧೀರೇಂದ್ರ ಸರ್ ದನಿ ಮೊದಲ ಸಲ ಏರಿತು. "ಕರ್ತೃ ಅಂದ್ರ ಬರದಾವ್ರು. ಅದು ಶಾಲಿ ದಾಖಲಾತಿ!"

"ಬರದ ಮಾಸ್ತರು ಬಿಡಿ ಹಾಳಿ ಬಿಟ್ಟ ಹೋದ್ರು," ತಸ್ಲೀಮಾ ತಲೆ ಎತ್ತದೆ ಹೇಳಿದಳು. "ಅದನ್ನ ಪುಸ್ತಕ ಮಾಡಿದಾಕಿ ಈಕಿ. ಹಾಕು ಸಂಪದಾ. ಚಮನಬಿ, ಜಿಲ್ದಗಾರ ಓಣಿ, ಸವಣೂರು."

ಸಂಪದಾ ಒಂದೊಂದೇ ಅಕ್ಷರ ಹೊಡೆದಳು. ಕೊನೆಯ ಗುಂಡಿ ಒತ್ತಿದಳು. ಅದು ಜಾಲತಾಣಕ್ಕೆ ಏರಿತು.

"ಅಳಸು ಅದನ್ನ."

"ಅಳಸೋ ಅಧಿಕಾರ ನಂಗಿಲ್ಲ ಮಾಮಾ. ನೀವ ನಂಗ ಕೊಟ್ಟಿಲ್ಲ. ಅಳಸಬೇಕಂದ್ರ ನಿಮ್ಮ ಹೆಸರ್ಲೆ ಒಳಗ ಹೋಗಿ ನೀವ ಅಳಸಬೇಕು." ಸಂಪದಾ ಕುರ್ಚಿಯಿಂದ ಎದ್ದು ನಿಂತಳು. ಅದನ್ನು ಅವರ ಕಡೆ ತಿರುಗಿಸಿದಳು.

ತಸ್ಲೀಮಾ ಯಂತ್ರದ ಮೇಲೆ ಕುಳಿತಲ್ಲಿಂದಲೇ ಮಾತಾಡಿದಳು. ಅಳು ಇರಲಿಲ್ಲ. ಭುಜದ ನೋವು ಕೂಡ ಆ ಹೊತ್ತಿಗೆ ಗೊತ್ತಾಗುತ್ತಿರಲಿಲ್ಲ.

"ಕುಂದರ್ರಿ ಸರ್. ಅಳಸ್ರಿ. ಇಷ್ಟ ದಿವಸ ನನ್ನ ಕೈಲೆ ಅಳಸೀರಿ. ನಾ ಜಗ್ಗಿದೆ, ನೀವು ನೋಡಿದ್ರಿ. ಈಗ ನಿಮ್ಮ ಬೆರಳಲೆ ಅಳಸ್ರಿ. ಇನ್ನೂರಾ ಐವತ್ತೆಂಟು ಉಳದಾವ. ನಾವು ಬಿಚ್ಕೋಂತ ಹೆಸರು ಹಾಕ್ಕೋಂತ ಹೋಗ್ತೇವಿ. ನೀವು ಅಳಸ್ಕೋಂತ ಬರ್ರಿ. ಒಂದೊಂದ ಹೆಸರೂ ಓದಿ ಅಳಸ್ರಿ. ನಿಮ್ಮ ಸಹಿ ನಿಮ್ಮ ಹಂತ್ಯಾಕ ಇರ್ಲಿ, ನನಗ ಬ್ಯಾಡ."

ಧೀರೇಂದ್ರ ಸರ್ ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತರು. ಪರದೆಯ ಮೇಲೆ ನೀಲಿ ಹೆಬ್ಬೆಟ್ಟು ಅಂಗೈಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅವರು ಕೂರಲಿಲ್ಲ. ಹೋಗಲೂ ಇಲ್ಲ.

"ಫಕ್ಕೀರಪ್ಪಣ್ಣಾ," ತಸ್ಲೀಮಾ ಕೂಗಿದಳು, "ಮುಂದಿಂದು ತಗೊಂಡ ಬಾ."